ಅಚ್ಚಿನ ಮನೆ

ನಾನು ಚಿಕ್ಕವನಾಗಿದ್ದಾಗ, ಗೌರಿ ಹುಣ್ಣಿಮೆ ಹತ್ತಿರ ಬಂದಿತೆಂದರೆ ನಮ್ಮ ಹಿರೇಕೊಟ್ನೆಕಲ್ಲಿನ ಮನೆಗಳಲ್ಲಿ ಸಕ್ಕರೆ ಆರತಿಯ ಸಡಗರ ಮೊದಲಾಗುತ್ತಿತ್ತು. ಅಟ್ಟದ ಮೇಲೆ ವರ್ಷವಿಡೀ ಮಲಗಿದ್ದ ಮರದ ಅಚ್ಚುಗಳು ಕೆಳಗಿಳಿಯುತ್ತಿದ್ದವು. ಒಂದೊಂದು ಅಚ್ಚಿಗೆ ಎರಡೆರಡು ಹೋಳು. ಒಳಗೆ ಬಸವಣ್ಣ, ತೇರು, ಗಿಣಿ, ಕಳಸ ಮುಂತಾದ ರೂಪಗಳನ್ನು ಬಡಗಿ ಕೊರೆದಿರುತ್ತಿದ್ದ. ಅಚ್ಚನ್ನು ಇರುಳೆಲ್ಲ ನೀರಿನಲ್ಲಿ ನೆನೆಯಿಟ್ಟು, ಹೋಳುಗಳನ್ನು ದಾರದಿಂದ ಬಿಗಿದು, ಕಾದ ಪಾಕವನ್ನು ಹೊಯ್ದು, ತುಸು ಹೊತ್ತು ಕಾದು ಬಿಚ್ಚಿದರೆ ಬೆಳ್ಳಗಿನ ಬಸವಣ್ಣ ಎದ್ದು ನಿಲ್ಲುತ್ತಿದ್ದ. ನೆನೆಯದ ಅಚ್ಚಿಗೆ ಪಾಕ ಅಂಟಿಕೊಳ್ಳುತ್ತದೆ. ಅವಸರಪಟ್ಟು ಬಿಚ್ಚಿದರೆ ಬಸವಣ್ಣನ ಕೋಡು ಮುರಿಯುತ್ತದೆ. ಕೋಡು ಮುರಿದ ಬಸವಣ್ಣನನ್ನು ತಿನ್ನುವ ಹಕ್ಕು ಮಕ್ಕಳದಾಗಿದ್ದುದರಿಂದ, ಅವ್ವ ಅವಸರಪಡಲೆಂದು ನಾವು ಒಳಗೊಳಗೇ ಹಾರೈಸುತ್ತಿದ್ದೆವು.

ಇಡೀ ಓಣಿಗೆ ಅಚ್ಚುಗಳಿದ್ದುದು ಎರಡು ಮನೆಗಳಲ್ಲಿ ಮಾತ್ರ. ಹುಣ್ಣಿಮೆಗೆ ಮುಂಚಿನ ಎಂಟು ದಿನ ಅವು ಮನೆಯಿಂದ ಮನೆಗೆ ತಿರುಗುತ್ತಿದ್ದವು. ಒಂದು ಮನೆಗಾಗಿಯೇ ಬಡಗಿಯಿಂದ ಅಂಥ ಅಚ್ಚನ್ನು ಕೊರೆಯಿಸುವುದು ಹುಚ್ಚುತನವೆನಿಸುತ್ತಿತ್ತು. ಮೂವತ್ತು ಮನೆಗೆ ತಿರುಗಿತೆಂದರೆ ಅದರ ಬೆಲೆ ಯಾರ ಲೆಕ್ಕಕ್ಕೂ ಬರುತ್ತಿರಲಿಲ್ಲ. ಕಾಂಕ್ರೀಟಿನ ಮನೆಗಳ ಬಗೆಗೆ ಮಾತನಾಡಬೇಕಾದವನು ಸಕ್ಕರೆಯ ಬಸವಣ್ಣನಿಂದ ತೊಡಗಿದನೇಕೆ ಎಂದು ಕೇಳುಗರು ಕೇಳಬಹುದು. ಪಾಕದ ಬದಲು ಕಾಂಕ್ರೀಟು, ಬಸವಣ್ಣನ ಬದಲು ಮನೆಯ ಛಾವಣಿ, ಕೆಲವೆಡೆ ಇಡೀ ಮನೆಯೇ. ಮಿಕ್ಕ ಕಷ್ಟಸುಖಗಳೆಲ್ಲ ಹೆಚ್ಚುಕಡಿಮೆ ಒಂದೇ ಎಂಬುದನ್ನು ನಾನು ಅರವತ್ತರ ಹೊಸ್ತಿಲಲ್ಲಿ ನಿಂತು ಕಲಿತೆ.

ನಾನು ಕಾಲುವೆಯ ಮೇಲೆ ಮೇಲ್ವಿಚಾರಕನಾಗಿ ದುಡಿದು ನಿವೃತ್ತನಾದವನು. ತುಂಗಭದ್ರಾ ಎಡದಂಡೆಯ ಕಾಲುವೆ 227 ಕಿಲೋಮೀಟರು ಹರಿದು ನಮ್ಮ ಜಿಲ್ಲೆಯ ಎರೆಭೂಮಿಯನ್ನು ಭತ್ತದ ಗದ್ದೆಯಾಗಿಸಿದೆ. ಕಾಲುವೆ ಬಂದ ಮೇಲೆ ಊರಿನ ಬೆಳೆ ಬದಲಾಯಿತು, ಊಟ ಬದಲಾಯಿತು. ಮನೆ ಮಾತ್ರ ಬಹುಕಾಲ ಹಾಗೆಯೇ ಉಳಿಯಿತು. ನಮ್ಮ ಸೀಮೆಯ ಹಳೆಯ ಮನೆಯೆಂದರೆ ಎರಡಡಿ ದಪ್ಪದ ಕಲ್ಲುಮಣ್ಣಿನ ಗೋಡೆ, ಬೇವಿನ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆಯ ಹಾಸು, ಅದರ ಮೇಲೆ ಒಂದಡಿಗೂ ಮಿಕ್ಕ ಮಣ್ಣು. ಪ್ರತಿ ವರ್ಷ ರೋಹಿಣಿ ಮಳೆಗೆ ಮೊದಲು ಸವಳು ಮಣ್ಣನ್ನು ತಂದು ಮಾಳಿಗೆಯ ಮೇಲೆ ಹರಡಿ ತುಳಿಯಬೇಕು. ಹೊಲಕ್ಕೆ ಶತ್ರುವಾದ ಸವಳು ಮಾಳಿಗೆಗೆ ಮಿತ್ರ. ನೀರು ತಗುಲಿದೊಡನೆ ಅದರ ಜೇಡಿ ಕದಡಿ ಸಂದುಗಳನ್ನೆಲ್ಲ ಮುಚ್ಚಿಬಿಡುತ್ತದೆ. ಇಂಥ ಮನೆಯೊಳಗೆ ಮೇ ತಿಂಗಳ ನಡುಹಗಲೂ ಸಹ್ಯವಾಗಿರುತ್ತದೆ. ರಾಯಚೂರಿನ ಬೇಸಿಗೆಯನ್ನು ಬಲ್ಲವರಿಗೆ ಇದು ಸಣ್ಣ ಮಾತಲ್ಲ.

ಆದರೆ ಅದರ ಭಾರವನ್ನೂ ನೋಡಬೇಕು. ಹನ್ನೆರಡಡಿಗೆ ಹದಿನೈದಡಿಯ ಕೋಣೆಯ ಮೇಲೆ ಒಂದಡಿ ಮಣ್ಣೆಂದರೆ ಎಂಟು ಟನ್ನಿಗೂ ಮೇಲ್ಪಟ್ಟ ತೂಕ. ನೀರು ಕುಡಿದ ಮೇಲಂತೂ ಹೇಳುವುದೇ ಬೇಡ. 2009ರ ಸೆಪ್ಟೆಂಬರ್ ಕೊನೆಯಲ್ಲಿ, ದಸರೆಯ ಬನ್ನಿ ಹಂಚಿ ಇನ್ನೂ ವಾರ ಕಳೆದಿರಲಿಲ್ಲ, ಹಿಡಿದ ಮಳೆ ಬಿಡಲೇ ಇಲ್ಲ. ಉತ್ತರ ಕರ್ನಾಟಕದ ಜಿಲ್ಲೆಗಳೆಲ್ಲ ನೀರಾದವು. ಅಕ್ಟೋಬರ್ 2ರಂದು ಮಂತ್ರಾಲಯದೊಳಗೆ ತುಂಗಭದ್ರೆ ನುಗ್ಗಿದಳು. ನಮ್ಮೂರಿಗೆ ನದಿ ಬರಲಿಲ್ಲ, ಮಳೆಯೇ ಸಾಕಾಯಿತು. ಆ ಇರುಳು ಪಡಸಾಲೆ ಸೋರುತ್ತಿದೆಯೆಂದು ಬೋಗುಣಿ ಇಡಲು ಅವ್ವ ಹಿಂದಿನ ಕೋಣೆಯಿಂದ ಎದ್ದು ಬಂದಳು. ಬೋಗುಣಿಯನ್ನು ನೆಲಕ್ಕಿಡುವಷ್ಟರಲ್ಲಿ ಹಿಂದಿನ ಕೋಣೆಯ ಗೋಡೆ ಕುಸಿದು, ಮಾಳಿಗೆ ಇಡಿಯಾಗಿ ಅವಳ ಹೊರಸಿನ ಮೇಲೆ ಕುಳಿತಿತು. ಬೆಳಗಾದ ಮೇಲೆ ಆ ಮಣ್ಣಿನ ಗುಡ್ಡೆಯನ್ನು ಬಹಳ ಹೊತ್ತು ನೋಡಿ ಅವ್ವ ಅಂದಳು: “ತಮ್ಮಾ, ಮನಿ ನನ್ನ ಮ್ಯಾಲ ಬೀಳಲಿಲ್ಲ. ನಾ ಮಲಗೋ ಜಾಗಾದ ಮ್ಯಾಲ ಬಿತ್ತು.”

ಆ ಮಾತು ಎದೆಯಲ್ಲಿ ನಾಟಿತು. ಮತ್ತೆ ಮಣ್ಣಿನ ಮಾಳಿಗೆ ಬೇಡವೆಂದು ನಿಶ್ಚಯಿಸಿದೆ. ಹಾಗೆಂದು ಊರಿನಲ್ಲಿ ಅಲ್ಲಲ್ಲಿ ಎದ್ದಿದ್ದ ನಾಲ್ಕಂಗುಲದ ಕಾಂಕ್ರೀಟು ಛಾವಣಿಯೂ ಮನಸ್ಸಿಗೆ ಒಗ್ಗಲಿಲ್ಲ. ಬೇಸಿಗೆಯಲ್ಲಿ ಅದರ ಕೆಳಗೆ ಮಲಗುವುದೆಂದರೆ ಕಾದ ಹಂಚಿನ ಮೇಲಿನ ರೊಟ್ಟಿಯ ಅವಸ್ಥೆ. ಮೇಲಾಗಿ, ಆ ಕೋಣೆಯಷ್ಟು ಛಾವಣಿ ಹಾಕಲು ಹಲಗೆ, ಆಧಾರದ ಬೊಂಬು, ಸೆಂಟ್ರಿಂಗಿನ ಬಾಡಿಗೆ ಇವೆಲ್ಲವನ್ನೂ ತೆರಬೇಕು. ಕಾಂಕ್ರೀಟು ಗಟ್ಟಿಯಾದೊಡನೆ ಅವೆಲ್ಲ ಮತ್ತೊಬ್ಬರ ಮನೆಗೆ ಹೊರಟುಹೋಗುತ್ತವೆ. ಮನೆಯಲ್ಲಿ ಉಳಿಯದ ವಸ್ತುವಿಗೆ ಹಣ ಚೆಲ್ಲಬೇಕು. ಆಗ ನನಗೆ ನೆನಪಾದದ್ದು ಕಾಂಕ್ರೀಟಿನ ಚಿಪ್ಪು.

ಚಿಪ್ಪೆಂದರೇನೆಂಬುದನ್ನು ಎರಡು ಮಾತಿನಲ್ಲಿ ಹೇಳಬೇಕು. ಕಾಂಕ್ರೀಟಿಗೆ ಅದುಮುವ ಒತ್ತಡವನ್ನು ತಾಳುವ ಶಕ್ತಿ ಅಪಾರ, ಎಳೆತವನ್ನು ತಾಳುವ ಶಕ್ತಿ ಅದರ ಹತ್ತನೆಯ ಒಂದು ಪಾಲಿನಷ್ಟು. ಚಪ್ಪಟೆಯಾದ ಛಾವಣಿ ಬಾಗುವಾಗ ಅದರ ಕೆಳಮೈ ಎಳೆತಕ್ಕೆ ಸಿಕ್ಕುತ್ತದೆ. ಆದ್ದರಿಂದಲೇ ಅಲ್ಲಿ ಕಬ್ಬಿಣದ ಸಲಾಕೆಗಳನ್ನು ಹುದುಗಿಸುವುದು. ಎಲ್ಲೆಲ್ಲಿಯೂ ಒತ್ತಡ ಮಾತ್ರ ಇರುವಂಥ ಆಕಾರ ದೊರೆತರೆ ಸಲಾಕೆಯೂ ಬೇಡ, ದಪ್ಪವೂ ಬೇಡ. ಆ ಆಕಾರ ಯಾವುದು? ಗದ್ದೆಯಲ್ಲಿ ನಾಟಿ ಮಾಡುವ ಹೆಂಗಸರು ಮರದ ಕೊಂಬೆಗೆ ಸೀರೆಯ ಜೋಲಿ ಕಟ್ಟಿ ಮಗುವನ್ನು ಮಲಗಿಸುತ್ತಾರಲ್ಲ, ಅಲ್ಲಿದೆ ಉತ್ತರ. ಇಳಿಬಿದ್ದ ಬಟ್ಟೆಯಲ್ಲಿ ಇರುವುದು ಎಳೆತವೊಂದೇ. ಬಟ್ಟೆಗೆ ಬೇರೆ ಗತಿಯೇ ಇಲ್ಲ. ಆ ಆಕಾರವನ್ನು ಹಾಗೆಯೇ ಹೆಪ್ಪುಗಟ್ಟಿಸಿ ಬೋರಲು ಹಾಕಿದರೆ ಎಳೆತವೆಲ್ಲ ಒತ್ತಡವಾಗಿ ಮಾರ್ಪಡುತ್ತದೆ. ಇಳಿಬಿದ್ದ ಸರಪಳಿಯನ್ನು ತಲೆಕೆಳಗಾಗಿಸಿದರೆ ಕಮಾನಾಗುತ್ತದೆಂಬ ಈ ಗುಟ್ಟನ್ನು ಇಂಗ್ಲೆಂಡಿನ ರಾಬರ್ಟ್ ಹುಕ್ 1675ರಲ್ಲಿಯೇ ಅಕ್ಷರಗಳನ್ನು ಕಲಸುಮೇಲೋಗರ ಮಾಡಿ ಒಗಟಿನಂತೆ ಅಚ್ಚುಹಾಕಿಸಿದ್ದ. ವಿದ್ವಾಂಸರಲ್ಲಿಯೂ ಜಿಪುಣರಿರುತ್ತಾರೆ.

ಅದಕ್ಕೂ ಮುಂಚೆ, 1656ರ ಹೊತ್ತಿಗೆ, ನಮ್ಮ ವಿಜಯಪುರದಲ್ಲಿ ಗೋಳಗುಮ್ಮಟದ ಗುಮ್ಮಟ ನಿಂತಿತ್ತು. ಒಳಗಿನ ವ್ಯಾಸ ಸುಮಾರು 38 ಮೀಟರು, ನಡುವೆ ಒಂದು ಕಂಬವಿಲ್ಲ. ಆದರೆ ಅದರ ದಪ್ಪ ಸುಮಾರು ಹತ್ತಡಿ. ಅದು ಸುಲ್ತಾನರ ಬೊಕ್ಕಸದ ಚಿಪ್ಪು. ಬಡವನ ಚಿಪ್ಪನ್ನು ರೂಪಿಸಿದವರೆಂದು ನಾನು ನೆನೆಯುವುದು ಜಿ. ಎಸ್. ರಾಮಸ್ವಾಮಿಯವರನ್ನು. 1965ರಲ್ಲಿ ರೂರ್ಕಿಯಲ್ಲಿ ಹುಟ್ಟಿದ ರಚನಾ ಎಂಜಿನಿಯರಿಂಗ್ ಸಂಶೋಧನ ಕೇಂದ್ರದ ನಿರ್ದೇಶಕರಾಗಿದ್ದ ಅವರು ಚಿಪ್ಪುಛಾವಣಿಗಳನ್ನು ಕುರಿತು 1968ರಲ್ಲಿ ಪ್ರಕಟಿಸಿದ ಗ್ರಂಥವನ್ನು ಹೊರದೇಶಗಳಲ್ಲಿಯೂ ಓದಿದರು. ಚೌಕಟ್ಟಿಗೆ ಬಟ್ಟೆಯನ್ನು ಸಡಿಲವಾಗಿ ಕಟ್ಟಿ, ಅದರ ಮೇಲೆ ಹಸಿಗಾರೆ ಹರಡಿ, ಅದು ತನ್ನ ಭಾರಕ್ಕೆ ತಾನೇ ಜಗ್ಗಿ ಗಟ್ಟಿಯಾದ ಮೇಲೆ ಮಗುಚಿದರೆ ಅಚ್ಚು ಸಿದ್ಧ. ಆ ಅಚ್ಚಿನ ಮೇಲೆ ಒಂದಾದ ಮೇಲೊಂದರಂತೆ ಚಿಕ್ಕ ಚಿಕ್ಕ ಚಿಪ್ಪುಗಳನ್ನು ನೆಲದ ಮೇಲೆಯೇ ಎರೆದುಕೊಂಡು ಛಾವಣಿಗೆ ಜೋಡಿಸಬಹುದು. ಇಂಥ ಚಿಪ್ಪುಗಳಿಗಾಗಿಯೇ 1984ರಲ್ಲಿ ಭಾರತೀಯ ಮಾನಕ ಸಂಹಿತೆಯೊಂದು ಹೊರಬಂದಿದೆ. ಅದರ ಸಂಖ್ಯೆ 6332.

ಪುಸ್ತಕದಲ್ಲಿ ಓದಿದ್ದನ್ನು ಅಂಗಳದಲ್ಲಿ ಮಾಡತೊಡಗಿದೆ. ಮೂರಡಿ ಚೌಕದ ಮರದ ಚೌಕಟ್ಟಿಗೆ ದಪ್ಪ ಬಟ್ಟೆಯನ್ನು ಇಳಿಬಿಟ್ಟು, ಅದರ ಮೇಲೆ ಸಿಮೆಂಟು ಗಾರೆಯನ್ನು ಒಂದೇ ಸಮನಾಗಿ ಹರಡಿದೆವು. ಬಟ್ಟೆ ನಡುವೆ ನಾಲ್ಕಂಗುಲದಷ್ಟು ಜಗ್ಗಿತು. ಗಟ್ಟಿಯಾದ ಮೇಲೆ ಮಗುಚಿ, ತಂತಿಯ ಬಲೆ ಕೊಟ್ಟು ಎರಡಂಗುಲಕ್ಕೆ ದಪ್ಪ ಮಾಡಿ, ಮೇಲ್ಮೈಯನ್ನು ಕನ್ನಡಿಯಂತೆ ತಿಕ್ಕಿದೆವು. ಅಂಥ ಅಚ್ಚುಗಳು ಎರಡು. ಊರಿನ ಗೌಂಡಿ ಅದನ್ನು ಸುತ್ತುಹಾಕಿ ನೋಡಿ, “ಇದೇನ್ರೀ ಸಾಹೇಬ್ರ, ದೊಡ್ಡ ಬೋಗುಣಿ ಬೋರಲ ಹಾಕಿದಂಗ ಐತಿ. ಇದರ ಕೆಳಗ ಕೋಳಿ ಮುಚ್ತೀರೇನು?” ಎಂದ. ನಾನು ನಗಲಿಲ್ಲ. ಮೂವತ್ತು ವರ್ಷ ಗೌಂಡಿಗಳಿಗೆ ಹೇಳಿ ಮಾಡಿಸಿದವನೆಂಬ ಗರ್ವ ನನ್ನಲ್ಲಿತ್ತು.

ಕೋಣೆಗೆ ಬೇಕಾದುದು ಇಪ್ಪತ್ತು ಚಿಪ್ಪು. ಹನ್ನೆರಡಡಿಯ ಅಡ್ಡಕ್ಕೆ ಮೂರಡಿಗೊಂದರಂತೆ ನಾಲ್ಕು ಕಾಂಕ್ರೀಟಿನ ತೊಲೆ. ನಡುವಿನ ಐದು ಅಂಕಣಗಳಲ್ಲಿ ನಾಲ್ಕು ನಾಲ್ಕು ಚಿಪ್ಪು. ಚಿಪ್ಪಿನ ದಪ್ಪ ಒಂದಂಗುಲ. ಒಳಗೆ ಸಲಾಕೆಯಿಲ್ಲ, ಸುತ್ತಲಿನ ಅಂಚಿನಲ್ಲಿ ಮಾತ್ರ ಒಂದೆಳೆ, 6 ಮಿಲಿಮೀಟರಿನದು; ಒಂದು ಚಿಪ್ಪಿಗೆ ಕಬ್ಬಿಣ ಒಂದು ಕಿಲೋಗಿಂತ ಕಡಿಮೆ. ಸಿಮೆಂಟು ಒಂದು ಪಾಲು, ಉಸುಕು ಒಂದೂವರೆ, ಕಡಲೆಕಾಳಿನ ಗಾತ್ರದ ಖಡಿ ಮೂರು. ತೂಕ ಸುಮಾರು 70 ಕಿಲೋ, ನಾಲ್ಕು ಆಳು ಎತ್ತಿ ನಡೆಯಬಹುದು. ಅಷ್ಟೇ ಅಗಲದ ನಾಲ್ಕಂಗುಲದ ಚಪ್ಪಟೆ ಛಾವಣಿಯಾದರೆ 190 ಕಿಲೋ ಮೀರುತ್ತದೆ. ಸಕ್ಕರೆಯ ಅಚ್ಚಿಗೆ ನೀರಿದ್ದಂತೆ ಇದಕ್ಕೆ ಎಣ್ಣೆ. ಟ್ರ್ಯಾಕ್ಟರಿನಿಂದ ಬಸಿದ ಹಳೆಯ ಎಣ್ಣೆಯನ್ನು ಸವರಿ, ಮೇಲೆ ತೆಳುವಾದ ಪ್ಲಾಸ್ಟಿಕ್ ಹಾಳೆ ಹಾಸಿದೆವು. ಇವೆಲ್ಲವನ್ನೂ ನಾನು ಸರಿಯಾಗಿಯೇ ಮಾಡಿದೆ. ತಪ್ಪಿದ್ದು ತಿಂಗಳು.

2010ರ ಏಪ್ರಿಲಿನಲ್ಲಿ ಎರೆಯಲು ತೊಡಗಿದೆ. ಬೇಸಿಗೆಯಲ್ಲಿ ಕಾಲುವೆಗೆ ನೀರಿರುವುದಿಲ್ಲವೆಂಬುದನ್ನು ಕಾಲುವೆಯ ಮೇಲೆಯೇ ಬಾಳು ಕಳೆದವನಿಗೆ ಮತ್ತೊಬ್ಬರು ಹೇಳಬೇಕೆ? ಮಳೆಗಾಲದೊಳಗೆ ಅವ್ವನ ತಲೆಯ ಮೇಲೊಂದು ಛಾವಣಿಯಾಗಬೇಕೆಂಬ ಆತುರ ನನ್ನನ್ನು ಕುರುಡನನ್ನಾಗಿಸಿತ್ತು. ಕಾಂಕ್ರೀಟು ಒಣಗಿ ಗಟ್ಟಿಯಾಗುವುದಿಲ್ಲ, ನೀರು ಕುಡಿದು ಗಟ್ಟಿಯಾಗುತ್ತದೆ. ಎರಡು ವಾರ ಅದನ್ನು ಎಳೆಗೂಸಿನಂತೆ ತೇವದಲ್ಲಿಡಬೇಕು. ಒಂದಂಗುಲ ದಪ್ಪದ ಚಿಪ್ಪಿನ ವಿಷಯದಲ್ಲಂತೂ ಈ ನಿಯಮಕ್ಕೆ ರಿಯಾಯಿತಿಯೇ ಇಲ್ಲ. ಕೊಳವೆಬಾವಿಯಿಂದ ಹೊತ್ತು ತಂದ ನೀರಿನಿಂದ ಬೆಳಗ್ಗೆ ನೆನೆಸಿದ ಗೋಣಿತಟ್ಟು ಹತ್ತು ಗಂಟೆಯೊಳಗೆ ಹಪ್ಪಳವಾಗುತ್ತಿತ್ತು. ಎರಡು ದಿನಕ್ಕೆ ಅಚ್ಚು ಬಿಡಿಸುವ ಕಡೆ ನಾನು ಮರುದಿನವೇ ಬಿಡಿಸಿದೆ. ಮೊದಲ ಆರರಲ್ಲಿ ಮೂರು ಕೂದಲೆಳೆಯಂತೆ ಸೀಳಿದವು. ನಾಲ್ಕನೆಯದನ್ನು ನಾಲ್ವರು ಎತ್ತಿ ನಡೆಯುವಾಗ ಒಂದು ಮೂಲೆ ಕಳಚಿ, ಗೌಂಡಿಯ ತಂಗಿಯ ಮಗ, ಹದಿನೆಂಟರ ಹುಡುಗ, ಅವನ ಪಾದದ ಮೇಲೆ ಬಿತ್ತು. ಎರಡು ಬೆರಳಿನ ಎಲುಬು ಮುರಿಯಿತು.

ಆಸ್ಪತ್ರೆಯ ಖರ್ಚನ್ನೂ ಎರಡು ತಿಂಗಳ ಕೂಲಿಯನ್ನೂ ನಾನು ಕೊಟ್ಟೆ. ಕೊಟ್ಟದ್ದನ್ನು ಹೇಳಿಕೊಳ್ಳುವುದರಲ್ಲಿ ಪುಣ್ಯವೇನೂ ಇಲ್ಲ. ಹುಡುಗನ ತಾಯಿ ನನ್ನ ಮನೆಯ ಕಟ್ಟೆಯ ಮೇಲೆ ಕುಳಿತು ಒಂದು ಮಾತನ್ನೂ ಆಡದೆ ಎದ್ದುಹೋದದ್ದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಅವ್ವ ಆ ರಾತ್ರಿ ಊಟಕ್ಕೆ ಬಡಿಸುತ್ತ, “ಅಚ್ಚು ಲಗೂ ಬಿಚ್ಚಿದ್ರ ಬಸವಣ್ಣನ ಕೋಡು ಮುರೀತದ ಅಂತ ನಿನಗ ಗೊತ್ತಿತ್ತಲ್ಲೋ ತಮ್ಮಾ” ಎಂದಳು. ಅಷ್ಟೇ.

ಕೆಲಸ ನಿಂತಿತು. ಅವ್ವ ಆ ಮಳೆಗಾಲವನ್ನು ಪಡಸಾಲೆಯಲ್ಲಿ ತಗಡಿನ ಕೆಳಗೆ ಕಳೆದಳು. ಕಾಲುವೆಗೆ ನೀರು ಬಂದು, ಭತ್ತದ ಕೊಯ್ಲು ಮುಗಿದು, ಚಳಿ ಹುಟ್ಟಿದ ಮೇಲೆ ಗೌಂಡಿಯ ಮನೆಗೆ ನಾನೇ ಹೋಗಿ ಕರೆದೆ. ಅವನು ಬಂದ, ಬಂದು ನನ್ನನ್ನು ದೂರ ಕೂರಿಸಿದ. ಅಂಗಳದಲ್ಲಿ ಅಗೆದ ತಗ್ಗಿಗೆ ನೀರು ತುಂಬಿ, ಅಚ್ಚಿನಿಂದ ಬಿಡಿಸಿದ ಚಿಪ್ಪುಗಳನ್ನು ಎಮ್ಮೆಗಳಂತೆ ಅದರೊಳಗೆ ಮುಳುಗಿಸಿಟ್ಟ. ನನಗೆ ಹೊಳೆಯದೆ ಹೋದ ಉಪಾಯವದು. ಎರಡು ಅಚ್ಚು, ಎರಡೆರಡು ದಿನ; ಇಪ್ಪತ್ತು ದಿನಕ್ಕೆ ಇಪ್ಪತ್ತು ಚಿಪ್ಪು, ಒಂದೂ ಸೀಳಲಿಲ್ಲ. ಅವುಗಳಲ್ಲೊಂದನ್ನು ನಾಲ್ಕು ಇಟ್ಟಿಗೆಗಳ ಮೇಲಿಟ್ಟು ಆರು ಜನ ಹತ್ತಿ ನಿಂತೆವು. ಕೆಳಗೆ ಬಗ್ಗಿ ನೋಡಿದ ಗೌಂಡಿ, “ಹೂಂ, ಕೋಳಿ ಸಾಯೂದಿಲ್ಲ ಬಿಡ್ರಿ” ಎಂದ. ಈ ಸಲ ನಾನೂ ನಕ್ಕೆ.

ಗೋಡೆಗೆ ಶಕ್ತಿನಗರದ ಹಾರುಬೂದಿಯ ಇಟ್ಟಿಗೆಯನ್ನು ತರಿಸಿದ್ದೆ. 1985ರಿಂದ ಕಲ್ಲಿದ್ದಲನ್ನು ಉರಿಸುತ್ತಿರುವ ನಮ್ಮ ಜಿಲ್ಲೆಯ ಆ ವಿದ್ಯುತ್ ಕೇಂದ್ರದ ಬೂದಿ ಕೆರೆಹೊಲಗಳ ಮೇಲೆ ಬೀಳುವುದಕ್ಕಿಂತ ಗೋಡೆಯಾಗಿ ನಿಲ್ಲುವುದು ಮೇಲು. ತಳಪಾಯವನ್ನು ಮಾತ್ರ ಎರೆಮಣ್ಣು ದಾಟಿ ಗರಸು ಸಿಕ್ಕುವವರೆಗೆ ಇಳಿಸಿದೆವು. ಎರೆ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ನೆಲ. ಅದರ ಮೇಲೆ ನಿಂತ ಗೋಡೆ ಅದರ ಕುಣಿತಕ್ಕೆ ತಕ್ಕಂತೆ ಕುಣಿಯಬೇಕಾಗುತ್ತದೆ.

ಮುಂದಿನ ಬೇಸಿಗೆ ಬಂತು. ನಮ್ಮ ಮನೆಯ ಉಷ್ಣಮಾಪಕ ಅವ್ವ. ಮಾರ್ಚಿಯಲ್ಲಿ ಹೊಸ ಕೋಣೆಯಲ್ಲಿ ಮಲಗಿದಳು. ಏಪ್ರಿಲ್ ನಡುವಿಗೆ ಹೊರಸು ಮತ್ತೆ ಪಡಸಾಲೆಗೆ ಬಂತು. ಕೇಳಿದರೆ ಉತ್ತರವಿಲ್ಲ. ಚಿಪ್ಪಿನ ಬೆನ್ನ ಮೇಲಿನ ತಗ್ಗುಗಳನ್ನು ಸುಣ್ಣದ ಗಾರೆಯಿಂದ ತುಂಬಿ ಸಮ ಮಾಡಿದ್ದೆವು, ಆದರೂ ಬಿಸಿಲು ಒಳಗಿಳಿಯುತ್ತಿತ್ತು. ಎರಡು ಕೈಯಗಲದ ಹಳೆಯ ಮಣ್ಣು ಮಾಡುತ್ತಿದ್ದ ಕೆಲಸವನ್ನು ಒಂದಂಗುಲದ ಕಾಂಕ್ರೀಟು ಮಾಡೀತೆ? ಜೀವ ಉಳಿಸುವ ಛಾವಣಿಯನ್ನು ಕಟ್ಟಿದೆ, ಅದರ ಕೆಳಗೆ ಅವ್ವ ಮಲಗಲೊಲ್ಲಳು. ಆಗ ನೆರವಿಗೆ ಬಂದದ್ದು ನಮ್ಮಲ್ಲಿ ಹಿಂದೆ ರೂಢಿಯಲ್ಲಿದ್ದ ಒಂದು ಪದ್ಧತಿ. ಕುಂಬಾರನಿಂದ ಆರುನೂರು ಕುಡಿಕೆಗಳನ್ನು ತಂದು, ಛಾವಣಿಯ ಮೇಲೆ ಒಂದಕ್ಕೊಂದು ತಾಗುವಂತೆ ಬೋರಲಾಗಿ ಜೋಡಿಸಿ, ಸಂದಿಗೆ ಇಟ್ಟಿಗೆಚೂರು ಮತ್ತು ಸುಣ್ಣದ ಗಾರೆ ತುಂಬಿ, ಮೇಲೆ ಸುಣ್ಣ ಬಳಿದೆವು. ಕುಡಿಕೆಯೊಳಗೆ ಸಿಕ್ಕಿಬಿದ್ದ ಗಾಳಿ ಬಿಸಿಲನ್ನು ತಡೆಯುತ್ತದೆ. ಬಿಳಿಯ ಸುಣ್ಣ ಅದನ್ನು ಹಿಂದಕ್ಕಟ್ಟುತ್ತದೆ. ಕುಡಿಕೆಯೂ ಒಂದು ಚಿಪ್ಪೇ ತಾನೆ! ಮೇ ತಿಂಗಳಲ್ಲಿ ಒಂದು ಮಧ್ಯಾಹ್ನ ಅವ್ವ ಯಾರಿಗೂ ಹೇಳದೆ ಹೊರಸನ್ನು ಒಳಗೆಳೆದುಕೊಂಡಳು. ಕಡೆಯ ಉಸಿರಿನವರೆಗೂ ಆ ಕೋಣೆಯಲ್ಲಿಯೇ ಮಲಗಿದಳು.

ಛಾವಣಿಯ ಮಾತಾಯಿತು. ಛಾವಣಿಯೇಕೆ, ಇಡೀ ಮನೆಯನ್ನೇ ಒಂದು ಅಚ್ಚಿನಲ್ಲಿ ಒಂದೇ ಎರಕವಾಗಿ ಹೊಯ್ಯಬಾರದೇಕೆ ಎಂಬ ಆಸೆ ಹೊಸದಲ್ಲ. ದೀಪದ ಎಡಿಸನ್ನನಿಗೂ ಅದು ತಲೆಗೇರಿತ್ತು. ಎರಕದ ಕಬ್ಬಿಣದ ಅಚ್ಚುಗಳನ್ನು ಜೋಡಿಸಿ, ಮೇಲಿನಿಂದ ಕಾಂಕ್ರೀಟು ಸುರಿದು, ಬಡ ಕಾರ್ಮಿಕನಿಗೂ ಮನೆ ಕೊಡುವೆನೆಂದು ಆತ ಸಾರಿದ. ಪೇಟೆಂಟು ಸಿಕ್ಕಿದ 1917ರ ವರ್ಷದಲ್ಲಿಯೇ ಅಮೆರಿಕದ ನ್ಯೂಜೆರ್ಸಿಯ ಯೂನಿಯನ್ ಎಂಬಲ್ಲಿ ಹನ್ನೊಂದು ಮನೆಗಳೂ ಎದ್ದವು. ಅಚ್ಚಿನ ತುಂಡುಗಳು ಎರಡು ಸಾವಿರಕ್ಕೂ ಹೆಚ್ಚು. ಅವುಗಳನ್ನು ಕೊಳ್ಳಬಲ್ಲ ಗುತ್ತಿಗೆದಾರನೇ ಸಿಕ್ಕಲಿಲ್ಲ. ಮನೆ ಅಗ್ಗ, ಅಚ್ಚು ತುಟ್ಟಿ. ಕ್ಯಾಲಿಫೋರ್ನಿಯದ ವಾಲೇಸ್ ನೆಫ್ ಎಂಬ ವಾಸ್ತುಶಿಲ್ಪಿ 1941ರಲ್ಲಿ ಕಬ್ಬಿಣವನ್ನು ಕೈಬಿಟ್ಟು ಗಾಳಿ ತುಂಬಿದ ದೊಡ್ಡ ಬುಗ್ಗೆಯನ್ನೇ ಅಚ್ಚಾಗಿಸಿದ. ಬುಗ್ಗೆಯ ಮೇಲೆ ಕಾಂಕ್ರೀಟನ್ನು ಚಿಮುಕಿಸಿ, ಗಟ್ಟಿಯಾದ ಮೇಲೆ ಗಾಳಿ ಬಿಟ್ಟು, ಬುಗ್ಗೆಯನ್ನು ಬಾಗಿಲಿನಿಂದ ಎಳೆದುಕೊಂಡು ಮುಂದಿನ ನಿವೇಶನಕ್ಕೆ ಹೋಗುವುದು. ಅಗ್ಗವೂ ಹೌದು, ಹಗುರವೂ ಹೌದು. ಆಫ್ರಿಕದ ಸೆನೆಗಲ್ ದೇಶದ ಡಕಾರ್ ನಗರದಲ್ಲಿ ಇಂಥ ಗುಂಡುಮನೆಗಳು ಸಾವಿರಕ್ಕೂ ಹೆಚ್ಚು ಎದ್ದವು. ಸಂಸಾರ ಬೆಳೆದಂತೆ ಜನ ಅವುಗಳ ಸುತ್ತ ಚೌಕದ ಕೋಣೆಗಳನ್ನು ಕಟ್ಟಿಕೊಂಡರು. ಎಷ್ಟೋ ಗುಂಡುಮನೆಗಳನ್ನು ಕೆಡವಿಯೂ ಹಾಕಿದರು. ಗುಂಡಗಿನ ಗೋಡೆಗೆ ಹೊರಸನ್ನು ಒತ್ತಿ ಹಾಕುವುದೆಂತು?

ನಮ್ಮ ದೇಶದಲ್ಲಿ ಈಗ ಈ ಆಸೆಯನ್ನು ನಡೆಸಿಕೊಡುತ್ತಿರುವುದು ಅಲ್ಯುಮಿನಿಯಂ ಅಚ್ಚು. ಬೆಂಗಳೂರಿನ ಬಹುಮಹಡಿ ಕಟ್ಟಡಗಳನ್ನು ಕಟ್ಟುವವರು ಅದಕ್ಕೆ ಮಿವಾನ್ ಎನ್ನುತ್ತಾರೆ. ಹೊತ್ತೊಯ್ಯಬಹುದಾದ ಹಗುರವಾದ ಹಲಗೆಗಳನ್ನು ಗೂಟ ಬೆಣೆಗಳಿಂದ ಜೋಡಿಸಿ, ಗೋಡೆಯನ್ನೂ ಛಾವಣಿಯನ್ನೂ ಒಂದೇ ಸಲ ಎರೆದು, ಬಿಚ್ಚಿ ಮೇಲಿನ ಮಹಡಿಗೆ ಸಾಗಿಸುತ್ತಾರೆ. ಒಂದೇ ಅಚ್ಚು ನೂರಾರು ಸಲ ಬಳಕೆಗೆ ಬರುತ್ತದೆ. ಗುಜರಾತಿನ ರಾಜಕೋಟೆಯಲ್ಲಿ 2021ರಲ್ಲಿ ಶಂಕುಸ್ಥಾಪನೆಯಾಗಿ 2022ರಲ್ಲಿ ಮುಗಿದ ಸರಕಾರಿ ವಸತಿ ಯೋಜನೆಯ 1144 ಮನೆಗಳು ಸುರಂಗದಾಕಾರದ ಅಚ್ಚಿನಲ್ಲಿ ಎರೆದವು. ಈ ಪದ್ಧತಿಯನ್ನು ನಾನು ಹಳಿಯುವವನಲ್ಲ. ಇಟ್ಟಿಗೆಯ ಗೋಡೆಗಿಂತ ಅದು ಭೂಕಂಪವನ್ನು ಚೆನ್ನಾಗಿ ತಾಳುತ್ತದೆ, ಗಿಲಾಯಿ ಬೇಕಿಲ್ಲ, ಸಮಯ ಉಳಿಯುತ್ತದೆ. ಆದರೆ 1144 ಮನೆ ಒಂದೇ ಕಡೆ, ಒಂದೇ ಬಗೆಯಲ್ಲಿ, ಒಬ್ಬನೇ ಧಣಿಯ ಹಣದಲ್ಲಿ ಏಳುವ ಕಡೆಗೆ ಅದು ಒಗ್ಗುತ್ತದೆ. ಹಿರೇಕೊಟ್ನೆಕಲ್ಲಿನಲ್ಲಿ ಮನೆ ಏಳುವ ರೀತಿಯೇ ಬೇರೆ.

ಇಲ್ಲಿ ಭತ್ತ ಮಾರಿದ ವರ್ಷ ತಳಪಾಯ, ಹತ್ತಿಗೆ ಬೆಲೆ ಬಂದ ವರ್ಷ ಗೋಡೆ, ಮಗಳ ಮದುವೆಯಾದ ವರ್ಷ ಏನೂ ಇಲ್ಲ. ಸರಕಾರದ ವಸತಿ ನೆರವೂ ಹೀಗೆಯೇ ಕಂತಿನಲ್ಲಿ ಬರುತ್ತದೆ: ತಳಪಾಯವಾದರೆ ಒಂದು, ಕಿಟಕಿಬಾಗಿಲುಗಳ ಮೇಲಿನ ಮಟ್ಟ ಮುಟ್ಟಿದರೆ ಒಂದು, ಛಾವಣಿಗೆ ಒಂದು, ಮುಗಿದ ಮೇಲೆ ಒಂದು. ಪ್ರತಿ ಹಂತಕ್ಕೂ ಫೋಟೋ ತೆಗೆಯಬೇಕು. ಗೋಡೆಯೂ ಛಾವಣಿಯೂ ಒಂದೇ ದಿನ ಎರಕವಾಗುವ ಮನೆಗೆ ನಡುವಣ ಹಂತದ ಫೋಟೋವನ್ನು ಎಲ್ಲಿಂದ ತರುವುದು? ಮೊದಲೇ ಎಲ್ಲ ಹಣವನ್ನೂ ಕೈಯಿಂದ ಹಾಕಬಲ್ಲವನಿಗೆ ನೆರವೇ ಬೇಕಿಲ್ಲ. ಈ ಒಂದು ತೊಡಕನ್ನು ಬಿಡಿಸದೆ ಎಂಥ ಒಳ್ಳೆಯ ಅಚ್ಚನ್ನು ಹಳ್ಳಿಗೆ ತಂದರೂ ಅದು ಪಂಚಾಯಿತಿಯ ಅಂಗಳದಲ್ಲಿ ತುಕ್ಕು ಹಿಡಿಯುತ್ತದೆಂಬುದು ನನ್ನ ದೃಢವಾದ ಅಭಿಪ್ರಾಯ. ಇನ್ನು ಅಣ್ಣತಮ್ಮಂದಿರ ಪಾಲಿನ ಮಾತು. ನಮ್ಮಲ್ಲಿ ಮನೆಯ ನಡುವೆ ಗೋಡೆ ಏಳುತ್ತದೆ, ಹೊಸ ಬಾಗಿಲನ್ನು ಒಡೆಯುತ್ತಾರೆ, ಹಿತ್ತಲಿನ ಕಡೆಗೊಂದು ಅಡುಗೆಮನೆ ಹುಟ್ಟುತ್ತದೆ. ಸಲಾಕೆ ಹೆಣೆದ ಕಾಂಕ್ರೀಟಿನ ಗೋಡೆಯಲ್ಲಿ ಬಾಗಿಲನ್ನು ಕೊರೆಯಲು ಹೊರಟವನು ಅಣ್ಣನೊಡನೆ ರಾಜಿಯಾಗುವುದೇ ಸುಲಭವೆಂದುಕೊಂಡಾನು!

ಆದುದರಿಂದಲೇ ಹಳ್ಳಿಗೆ ಚಿಕ್ಕ ಅಚ್ಚು ಮೇಲೆಂದು ನಾನು ನಂಬಿದ್ದೇನೆ. ಗೋಡೆ ಅವರವರ ಇಷ್ಟದ್ದಿರಲಿ, ತಲೆಯ ಮೇಲೆ ಬೀಳುವ ಭಾಗವನ್ನಷ್ಟೇ ಅಚ್ಚಿನಲ್ಲಿ ಎರೆಯೋಣ. ಹಣ ಕೂಡಿದಂತೆ ಚಿಪ್ಪುಗಳನ್ನು ಎರೆದು ಅಂಗಳದಲ್ಲಿ ಒಟ್ಟಿಕೊಳ್ಳಬಹುದು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಹುಟ್ಟುಹಾಕಿದ ‘ಆಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನದ ಬಳಗವೂ, ಅಲ್ಲಿ ಮಣ್ಣಿನ ಮನೆಗಳ ಮೇಲೆ ದುಡಿದ ಕೆ. ಎಸ್. ಜಗದೀಶ್ ಅವರೂ ಇದೇ ಬಗೆಯ ದಾರಿಯನ್ನು ಹಿಡಿದವರು: ಯಂತ್ರ ಚಿಕ್ಕದಿರಬೇಕು, ಊರಿನ ಮಣ್ಣನ್ನು ಬಳಸಬೇಕು, ಊರಿನವನ ಕೈಗೆ ಬಗ್ಗಬೇಕು.

ಇಷ್ಟು ಹೇಳಿದ ಮೇಲೆ ನನ್ನ ಅಚ್ಚುಗಳ ಗತಿಯನ್ನೂ ಹೇಳಬೇಕು. ಸಕ್ಕರೆಯ ಅಚ್ಚುಗಳಂತೆ ಅವು ಓಣಿಯೆಲ್ಲ ತಿರುಗಿಯಾವೆಂದು ಕನಸು ಕಂಡಿದ್ದೆ. ತಿರುಗಿದ್ದು ಮೂರು ಮನೆಗೆ. ಒಂದು ನಮ್ಮ ಓಣಿಯದೇ, ಇನ್ನೊಂದು ಕೆಳಗಿನ ಕೇರಿಯದು, ಮತ್ತೊಂದು ನಾಲ್ಕು ಹರದಾರಿ ಆಚೆಯ ಊರಿನದು. ಆಮೇಲೆ ಕೇಳುವವರಿಲ್ಲವಾಯಿತು. ಈಗಿನವರಿಗೆ ಛಾವಣಿಯ ನಾಲ್ಕು ಮೂಲೆಯಿಂದ ಸಲಾಕೆಗಳು ಆಕಾಶಕ್ಕೆ ಚಾಚಿರಬೇಕು; ಅವು ಮುಂದೆಂದೋ ಕಟ್ಟುವ ಮಹಡಿಯ ಆಸೆಯ ಗುರುತು. ಚಿಪ್ಪಿನ ಮೇಲೂ ಮಹಡಿ ಕಟ್ಟಬಹುದೆಂದು ಎಷ್ಟು ಹೇಳಿದರೂ ಉಬ್ಬುತಗ್ಗಿನ ಸೂರನ್ನು ನೋಡಿದವರು ಒಪ್ಪಲಿಲ್ಲ. ಚದರಡಿಗಿಷ್ಟು ಎಂದು ಗುತ್ತಿಗೆ ಹಿಡಿಯುವ ಗೌಂಡಿಗೆ ಇಪ್ಪತ್ತು ದಿನ ಕಾಯುವ ವ್ಯವಧಾನವೂ ಇಲ್ಲ. ಒಂದು ಅಚ್ಚಿನ ಮೂಲೆ ಮುಕ್ಕಾಗಿ, ಅದು ಪಕ್ಕದ ಮನೆಯವರ ಕುರಿಗಳಿಗೆ ನೀರು ಕುಡಿಸುವ ತೊಟ್ಟಿಯಾಯಿತು. ಮಗುಚಿದರೆ ಅದಕ್ಕೂ ಅದು ಚೆನ್ನಾಗಿಯೇ ಒದಗುತ್ತದೆ. ಇನ್ನೊಂದು ನನ್ನ ಹಿತ್ತಲಿನ ಬೇವಿನ ಕೆಳಗೆ ಬೋರಲಾಗಿ ಬಿದ್ದಿತ್ತು. ಅದರ ಬೆನ್ನ ಮೇಲೆ ಅವ್ವ ಸಂಡಿಗೆ ಒಣಗಿಸುತ್ತಿದ್ದಳು.

ಕಳೆದ ಬೇಸಿಗೆಯಲ್ಲಿ ಅದನ್ನು ಕೇಳಿಕೊಂಡು ಒಬ್ಬ ಬಂದ. ಅಂದು ಪಾದದ ಮೇಲೆ ಚಿಪ್ಪು ಬಿದ್ದ ಹುಡುಗ. ಈಗ ಅವನೇ ಗೌಂಡಿ. ತಾಯಿಗೊಂದು ಕೋಣೆ ಕಟ್ಟಬೇಕೆಂದಿದ್ದಾನೆ. ಊರಿನಲ್ಲಿ ಎಲ್ಲರ ಮನೆಗೂ ಚಪ್ಪಟೆ ಛಾವಣಿ ಹಾಕುವವನು ನೀನು, ನಿನಗೇಕೆ ಇದು ಎಂದು ಕೇಳಿದೆ. “ನಮ್ಮವ್ವಗ ಸೆಕಿ ತಡಿಯಂಗಿಲ್ರೀ. ನಿಮ್ಮ ಅವ್ವಾರ ಕೋಣ್ಯಾಗ ಕೆಲಸಕ್ಕ ಬಂದಾಗ ನಾ ಮಲಗಿ ನೋಡೀನಿ” ಎಂದ. ಅಚ್ಚನ್ನು ಕೊಡುತ್ತೇನೆ, ಆದರೆ ಕಾಲುವೆಗೆ ನೀರು ಬರುವ ತನಕ ಕೊಡುವುದಿಲ್ಲ, ಎರಡು ದಿನಕ್ಕೆ ಮುಂಚೆ ಬಿಚ್ಚಕೂಡದು ಎಂದು ನಾನು ತೊಡಗುವಷ್ಟರಲ್ಲಿ ಅವನು ತನ್ನ ಕಾಲನ್ನು ನೋಡಿಕೊಂಡು ನಕ್ಕ. “ಅದನ್ನ ನನಗ ಹೇಳಬ್ಯಾಡ್ರಿ ಸಾಹೇಬ್ರ. ಇದಕ್ಕ ಗೊತ್ತೈತಿ.”

ಕೊಯ್ಲು ಮುಗಿದ ಮೇಲೆ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಭತ್ತದ ಹುಲ್ಲು ಹಾಸಿಕೊಂಡು ಬಂದು ಅಚ್ಚನ್ನು ಒಯ್ದ. ಎರಡನೆಯದನ್ನು ತಾನೇ ಬಟ್ಟೆ ಕಟ್ಟಿ ಮಾಡಿಕೊಂಡನಂತೆ. ಮೊನ್ನೆ ಹೋಗಿ ನೋಡಿದೆ. ಹನ್ನೊಂದು ಚಿಪ್ಪುಗಳು ನೀರಿನ ತಗ್ಗಿನಲ್ಲಿ ಮುಳುಗಿದ್ದವು.